ತೀವ್ರ ಗಾಯಾಳುವಿಗೆ ಮೊದಲು ಹಾಕುವ ಡ್ರಿಪ್: ಯಾವುದು, ಎಷ್ಟು, ಯಾವ ಹೊತ್ತಿನಲ್ಲಿ?

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ – ಸಾರ್ವಜನಿಕ ಆರೋಗ್ಯ

1. ಪೀಠಿಕೆ



ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಲಾರಿ ಬಡಿಯುವುದು, ಹೊಲದ ಬದುವಿನಲ್ಲಿ ಟ್ರ್ಯಾಕ್ಟರ್ ಮಗುಚುವುದು, ತೆಂಗಿನ ಮರದಿಂದ ಜಾರಿ ಬೀಳುವುದು, ಒಕ್ಕಣೆ ಯಂತ್ರಕ್ಕೆ ಕೈ ಸಿಲುಕುವುದು ಮುಂತಾದ ಅವಘಡಗಳು ನಡೆದಾಗ ಊರಿನವರು ಮೊದಲು ಕರೆಯುವವರಲ್ಲಿ ತಾವೂ ಒಬ್ಬರು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ನೇ ಸಾಲಿನಲ್ಲಿ ದೇಶದ ರಸ್ತೆಗಳಲ್ಲಿಯೇ 1,68,491 ಜನರು ಪ್ರಾಣ ಕಳೆದುಕೊಂಡರು. ಹೊಲ, ಮನೆ ಮತ್ತು ಕಾಮಗಾರಿ ಸ್ಥಳಗಳಲ್ಲಿ ಸಂಭವಿಸುವ ಸಾವುಗಳು ಈ ಲೆಕ್ಕದಲ್ಲಿ ಸೇರಿಲ್ಲ.

ಗಾಯಾಳುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಂದೊಡನೆ ನೆರೆದವರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ: "ಮೊದಲು ಗ್ಲೂಕೋಸ್ ಹಾಕಿ ಡಾಕ್ಟ್ರೇ." ವೈದ್ಯಾಧಿಕಾರಿಗಳು ಗಾಯವನ್ನು ಬಿಗಿಯಾಗಿ ಕಟ್ಟಿ, ಅಲ್ಪ ಪ್ರಮಾಣದ ಡ್ರಿಪ್ ಹಾಕಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಲು ಹೊರಟರೆ "ಒಂದು ಬಾಟಲಿಯನ್ನೂ ಪೂರ್ತಿ ಹಾಕದೆ ಸಾಗಹಾಕುತ್ತಿದ್ದಾರೆ" ಎಂಬ ಆಕ್ಷೇಪಣೆ ಏಳುತ್ತದೆ. ಎರಡು ಬಾಟಲಿ ಮುಗಿಯುವವರೆಗೆ ಆಂಬುಲೆನ್ಸನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳುವ ಒತ್ತಾಯವೂ ಬರುತ್ತದೆ. ಹೀಗೆ ಕಳೆದುಹೋಗುವ ಅರ್ಧ ಗಂಟೆಯು ಗಾಯಾಳುವಿನ ಜೀವಕ್ಕೆ ಮುಳುವಾಗಬಹುದು.

ಯಾವ ದ್ರವವನ್ನು ಎಷ್ಟು ಕೊಡಬೇಕೆಂಬ ನಿರ್ಧಾರವು ಸಂಪೂರ್ಣವಾಗಿ ವೈದ್ಯರದು. ಆದರೆ ಆ ನಿರ್ಧಾರದ ಹಿಂದಿರುವ ಕಾರಣಗಳನ್ನು ಸದಸ್ಯರು ಅರಿತಿದ್ದರೆ ಜನರಿಗೆ ತಿಳಿಹೇಳಲು, ವಿಳಂಬವನ್ನು ತಪ್ಪಿಸಲು ಹಾಗೂ ಆರೋಗ್ಯ ಕೇಂದ್ರದಲ್ಲಿ ಇರಬೇಕಾದ ಸಾಮಗ್ರಿಗಳ ಬಗ್ಗೆ ಸರಿಯಾದ ಪ್ರಶ್ನೆ ಕೇಳಲು ಅನುಕೂಲವಾಗುತ್ತದೆ. ಈ ಪಾಠದ ಉದ್ದೇಶ ಇದೇ ಆಗಿರುತ್ತದೆ.

2. ರಕ್ತಸ್ರಾವವಾದಾಗ ದೇಹದಲ್ಲಿ ನಡೆಯುವುದೇನು?

60 ಕಿಲೋ ತೂಕದ ವಯಸ್ಕರ ದೇಹದಲ್ಲಿ ಸುಮಾರು 4 ಲೀಟರಿಗಿಂತ ಸ್ವಲ್ಪ ಹೆಚ್ಚು ರಕ್ತವಿರುತ್ತದೆ. ಅದರ ಶೇ. 15ರವರೆಗೆ ನಷ್ಟವಾದರೆ ದೇಹವು ಬಹುಮಟ್ಟಿಗೆ ತಾನೇ ಸರಿದೂಗಿಸಿಕೊಳ್ಳುತ್ತದೆ. ಶೇ. 15ರಿಂದ 30ರಷ್ಟು ಹೋದಾಗ ನಾಡಿ ವೇಗವಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ಗಾಯಾಳು ಚಡಪಡಿಸುತ್ತಾನೆ. ರಕ್ತದೊತ್ತಡವು ಸ್ಪಷ್ಟವಾಗಿ ಕುಸಿಯುವುದು ಸಾಮಾನ್ಯವಾಗಿ ಶೇ. 30 ದಾಟಿದ ಮೇಲೆ. ಶೇ. 40 ಮೀರಿದರೆ ಪ್ರಾಣಾಪಾಯ ಸನ್ನಿಹಿತವಾಗಿರುತ್ತದೆ. ಆದುದರಿಂದ "ಮಾತನಾಡುತ್ತಿದ್ದಾನೆ, ಬಿ.ಪಿ. ಸರಿಯಾಗಿದೆ, ಏನೂ ಆಗಿಲ್ಲ" ಎಂಬ ಸಮಾಧಾನವು ಎಲ್ಲ ಸಂದರ್ಭದಲ್ಲಿಯೂ ಸರಿಯಾಗಿರುವುದಿಲ್ಲ.

ರಕ್ತವು ಹೊರಗೆ ಹರಿಯುವುದು ಕಣ್ಣಿಗೆ ಕಾಣುತ್ತದೆ. ಎದೆಗೂಡು, ಹೊಟ್ಟೆ, ಸೊಂಟದ ಮೂಳೆಯ ಸುತ್ತ ಮತ್ತು ತೊಡೆಯೊಳಗೆ ಆಗುವ ಸ್ರಾವ ಕಾಣುವುದಿಲ್ಲ. ತೊಡೆಯ ಮೂಳೆಯೊಂದು ಮುರಿದರೆ ಚರ್ಮ ಹರಿಯದೆಯೇ ಒಂದು ಲೀಟರಿಗೂ ಹೆಚ್ಚು ರಕ್ತ ಒಳಗೇ ಸೋರಿಹೋಗಬಹುದು.

ರಕ್ತವು ಮೂರು ಕೆಲಸಗಳನ್ನು ಮಾಡುತ್ತದೆ. ನಾಳಗಳನ್ನು ತುಂಬಿ ಒತ್ತಡವನ್ನು ಕಾಯ್ದುಕೊಳ್ಳುವುದು ಮೊದಲನೆಯದು. ಕೆಂಪು ಕಣಗಳ ಮೂಲಕ ಆಮ್ಲಜನಕವನ್ನು ಸಾಗಿಸುವುದು ಎರಡನೆಯದು. ಗಾಯವಾದಲ್ಲಿ ಹೆಪ್ಪುಗಟ್ಟಿ ಸೋರಿಕೆಯನ್ನು ನಿಲ್ಲಿಸುವುದು ಮೂರನೆಯದು. ಡ್ರಿಪ್ಪಿನ ಬಾಟಲಿಯಲ್ಲಿರುವ ಉಪ್ಪುನೀರು ಮೊದಲನೆಯ ಕೆಲಸವನ್ನು ಮಾತ್ರ, ಅದೂ ಸ್ವಲ್ಪ ಹೊತ್ತು, ಮಾಡಬಲ್ಲದು. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುತ್ತದೆ.

3. ಯಾವ ಬಾಟಲಿಯಲ್ಲಿ ಏನಿದೆ?

ಜನರು ಎಲ್ಲ ಡ್ರಿಪ್ಪನ್ನೂ "ಗ್ಲೂಕೋಸ್" ಎಂದೇ ಕರೆಯುವುದು ರೂಢಿ. ವಾಸ್ತವದಲ್ಲಿ ಅವು ಬೇರೆ ಬೇರೆ ದ್ರವಗಳಾಗಿದ್ದು, ಒಂದರ ಬದಲಿಗೆ ಇನ್ನೊಂದನ್ನು ಬಳಸಲು ಬರುವುದಿಲ್ಲ.

(ಅ) ಗ್ಲೂಕೋಸ್ ದ್ರವ (5 ಪರ್ಸೆಂಟ್ ಡೆಕ್ಸ್‌ಟ್ರೋಸ್): ಒಂದು ಲೀಟರಿನಲ್ಲಿ 50 ಗ್ರಾಂ ಸಕ್ಕರೆಯಂಶವಿರುತ್ತದೆ. ದೇಹವು ಸಕ್ಕರೆಯನ್ನು ಬಳಸಿಕೊಂಡ ಮೇಲೆ ಉಳಿಯುವುದು ಬರಿಯ ನೀರು. ಆ ನೀರು ಶರೀರದ ಎಲ್ಲ ಜೀವಕೋಶಗಳಿಗೂ ಹಂಚಿಹೋಗಿ, ರಕ್ತನಾಳದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟೂ ಉಳಿಯುವುದಿಲ್ಲ. ತಲೆಗೆ ಪೆಟ್ಟಾಗಿದ್ದರೆ ಮಿದುಳಿನ ಬಾವನ್ನು ಹೆಚ್ಚಿಸುವ ಅಪಾಯವೂ ಇದೆ. ರಕ್ತಸ್ರಾವದಿಂದ ಕುಸಿದ ಗಾಯಾಳುವಿನ ರಕ್ತದೊತ್ತಡವನ್ನು ಎತ್ತಲು ಇದು ಸೂಕ್ತ ದ್ರವವಲ್ಲ. ರಕ್ತದ ಸಕ್ಕರೆ ಕುಸಿದಿದ್ದರೆ ಮಾತ್ರ ವೈದ್ಯರು ಪರೀಕ್ಷಿಸಿ ಗ್ಲೂಕೋಸ್ ಕೊಡುತ್ತಾರೆ. ಜನರು ಹೆಸರು ಹಿಡಿದು ಕೇಳುವ ಬಾಟಲಿಯೇ ಇಲ್ಲಿ ಎಲ್ಲಕ್ಕಿಂತ ಕಡಿಮೆ ಉಪಯುಕ್ತವಾದುದು ಎಂಬುದನ್ನು ಸದಸ್ಯರು ಗಮನಿಸಬೇಕು.

(ಆ) ನಾರ್ಮಲ್ ಸಲೈನ್: ಒಂದು ಲೀಟರ್ ನೀರಿನಲ್ಲಿ 9 ಗ್ರಾಂ ಉಪ್ಪು ಕರಗಿಸಿದ ದ್ರವ. ಉಪ್ಪುನೀರನ್ನು ರಕ್ತನಾಳಕ್ಕೆ ಕೊಡುವ ಪದ್ಧತಿಗೆ ದೀರ್ಘ ಇತಿಹಾಸವಿದೆ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದಲ್ಲಿ ವೈದ್ಯ ಥಾಮಸ್ ಲ್ಯಾಟಾ ಅವರು ಕಾಲರಾ ರೋಗಿಗಳಿಗೆ ಈ ಬಗೆಯ ಚಿಕಿತ್ಸೆ ನೀಡಿದರು. ವಾಂತಿಭೇದಿಯಲ್ಲಿ ದೇಹ ಕಳೆದುಕೊಳ್ಳುವುದು ನೀರು ಮತ್ತು ಲವಣಗಳನ್ನು. ಅವನ್ನೇ ಮರಳಿ ಕೊಡುವುದು ನ್ಯಾಯವಾದ ಚಿಕಿತ್ಸೆ. ಗಾಯಾಳು ಕಳೆದುಕೊಳ್ಳುವುದು ರಕ್ತವನ್ನು. ಕೊಟ್ಟ ಸಲೈನಿನಲ್ಲಿ ಸ್ವಲ್ಪ ಹೊತ್ತಿನ ನಂತರ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗ ಮಾತ್ರ ರಕ್ತನಾಳದಲ್ಲಿ ನಿಲ್ಲುತ್ತದೆ. ಇದರಲ್ಲಿ ಕ್ಲೋರೈಡ್ ಅಂಶವು ಲೀಟರಿಗೆ 154 ಮಿಲಿಮೋಲ್ ಇದ್ದು, ರಕ್ತದಲ್ಲಿರುವ ಸುಮಾರು 100ಕ್ಕಿಂತ ಬಹಳ ಹೆಚ್ಚು. ಆದುದರಿಂದ ಲೀಟರುಗಟ್ಟಲೆ ಕೊಟ್ಟರೆ ರಕ್ತದ ಆಮ್ಲೀಯತೆ ಏರುತ್ತದೆ.

(ಇ) ರಿಂಗರ್ ಲ್ಯಾಕ್ಟೇಟ್: ಬ್ರಿಟನ್ನಿನ ಸಿಡ್ನಿ ರಿಂಗರ್ ರೂಪಿಸಿದ ಲವಣದ್ರವಕ್ಕೆ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಅವರು 1930ರ ದಶಕದಲ್ಲಿ ಲ್ಯಾಕ್ಟೇಟ್ ಸೇರಿಸಿದರು. ಆಸ್ಪತ್ರೆಯಲ್ಲಿ "ಆರ್.ಎಲ್." ಎಂದು ಕರೆಯುವುದು ಇದನ್ನೇ. ಸೋಡಿಯಂ ಜೊತೆಗೆ ಸ್ವಲ್ಪ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಇರುತ್ತದೆ. ಕ್ಲೋರೈಡ್ ಸುಮಾರು 110ರಷ್ಟಿದ್ದು ರಕ್ತಕ್ಕೆ ಹತ್ತಿರವಾಗಿದೆ. ತಲೆಗೆ ತೀವ್ರ ಪೆಟ್ಟಿಲ್ಲದ ಗಾಯಾಳುವಿಗೆ ಡ್ರಿಪ್ ಬೇಕಾದಾಗ ಅನೇಕ ವೈದ್ಯರು ಇದನ್ನೇ ಮೊದಲು ಆರಿಸುತ್ತಾರೆ. ರಕ್ತನಾಳದಲ್ಲಿ ಹೆಚ್ಚು ಹೊತ್ತು ನಿಲ್ಲದಿರುವ ವಿಷಯದಲ್ಲಿ ಮಾತ್ರ ಇದಕ್ಕೂ ಸಲೈನಿಗೂ ವ್ಯತ್ಯಾಸವಿಲ್ಲ.

(ಈ) ಸ್ಟಾರ್ಚ್ ಮತ್ತು ಆಲ್ಬುಮಿನ್: ದೊಡ್ಡ ಕಣಗಳಿರುವ ಈ ದ್ರವಗಳು ನಾಳದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆಂಬ ಕಾರಣಕ್ಕೆ ಹಿಂದೆ ಬಹಳ ಬಳಕೆಯಲ್ಲಿದ್ದವು. ತೀವ್ರ ನಿಗಾ ಘಟಕದ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ಸ್ಟಾರ್ಚ್ ಪಡೆದವರಿಗೆ ಮೂತ್ರಪಿಂಡದ ತೊಂದರೆ ಹೆಚ್ಚಾಗಿ ಕಂಡುಬಂದಿತು. 2022ರಲ್ಲಿ ಯುರೋಪಿನ ಒಕ್ಕೂಟದಲ್ಲಿ ಅದರ ಮಾರಾಟ ಪರವಾನಗಿಗಳನ್ನು ಅಮಾನತಿನಲ್ಲಿಡಲಾಯಿತು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ ಸುಮಾರು 7,000 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಲೆ ಹೆಚ್ಚಿರುವ ಆಲ್ಬುಮಿನ್ ಸಾಮಾನ್ಯ ಸಲೈನಿಗಿಂತ ಮೇಲೆಂದು ಕಂಡುಬರಲಿಲ್ಲ. ತಲೆಗೆ ತೀವ್ರ ಪೆಟ್ಟಾದವರಲ್ಲಿ ಆಲ್ಬುಮಿನ್ ಪಡೆದವರ ಸಾವು ಹೆಚ್ಚಾಗಿತ್ತು. ದುಬಾರಿ ಬಾಟಲಿಯೇ ಒಳ್ಳೆಯ ಬಾಟಲಿ ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

4. ಹೆಚ್ಚು ಹಾಕಿದಷ್ಟೂ ಒಳ್ಳೆಯದೇ?

ಕೆರೆಯ ಏರಿ ಬಿರುಕುಬಿಟ್ಟಾಗ ಊರಿನವರು ಮೊದಲು ಮಣ್ಣು, ಕಲ್ಲು ತುಂಬಿ ಬಿರುಕನ್ನು ಮುಚ್ಚುತ್ತಾರೆ. ಹಸಿಮಣ್ಣು ಗಟ್ಟಿಯಾಗುವ ಮೊದಲೇ ಮೇಲಿನಿಂದ ನೀರು ನುಗ್ಗಿದರೆ ತುಂಬಿದ ಮಣ್ಣೂ ಕೊಚ್ಚಿಹೋಗುತ್ತದೆ. ಗಾಯದ ಬಾಯಲ್ಲಿ ಆಗತಾನೇ ಕಟ್ಟಿದ ಹೆಪ್ಪಿನ ಸ್ಥಿತಿಯೂ ಇದೇ. ಡ್ರಿಪ್ಪನ್ನು ವೇಗವಾಗಿ ಸುರಿದು ಒತ್ತಡವನ್ನು ಒಮ್ಮೆಲೇ ಏರಿಸಿದರೆ ಹೆಪ್ಪು ಕಿತ್ತುಹೋಗಿ ರಕ್ತಸ್ರಾವ ಮರಳಿ ಆರಂಭವಾಗಬಹುದು.

ಎರಡನೆಯ ಹಾನಿಯೆಂದರೆ ರಕ್ತ ತೆಳುವಾಗುವುದು. ಮಜ್ಜಿಗೆಗೆ ನೀರು ಬೆರೆಸಿದಂತೆ ಪಾತ್ರೆ ತುಂಬುತ್ತದೆಯೇ ಹೊರತು ಸತ್ವ ಹೆಚ್ಚುವುದಿಲ್ಲ. ಆಮ್ಲಜನಕ ಒಯ್ಯುವ ಕಣಗಳೂ ಹೆಪ್ಪುಗಟ್ಟಿಸುವ ಅಂಶಗಳೂ ವಿರಳವಾಗುತ್ತವೆ. ಮೂರನೆಯದಾಗಿ, ದೇಹಕ್ಕಿಂತ ತಣ್ಣಗಿರುವ ದ್ರವವು ಗಾಯಾಳುವಿನ ಮೈಯನ್ನು ತಣ್ಣಗಾಗಿಸುತ್ತದೆ. ಮೈ ತಣ್ಣಗಾಗುವುದು, ರಕ್ತದ ಆಮ್ಲೀಯತೆ ಏರುವುದು, ಹೆಪ್ಪುಗಟ್ಟುವ ಶಕ್ತಿ ಕುಂದುವುದು ಈ ಮೂರೂ ಒಂದನ್ನೊಂದು ಹೆಚ್ಚಿಸುತ್ತಾ ಹೋಗಿ ಸಾವಿಗೆ ದಾರಿಯಾಗುತ್ತವೆ.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ವೈದ್ಯರ ಆಲೋಚನೆಯನ್ನು ಬದಲಿಸಿತು. ಎದೆ, ಹೊಟ್ಟೆಗಳಿಗೆ ಗುಂಡೇಟು ಅಥವಾ ಇರಿತವಾಗಿ ರಕ್ತದೊತ್ತಡ ಕುಸಿದಿದ್ದ 598 ಜನರಲ್ಲಿ ಒಂದು ಗುಂಪಿಗೆ ದಾರಿಯಲ್ಲಿಯೇ ಡ್ರಿಪ್ ಆರಂಭಿಸಲಾಯಿತು. ಇನ್ನೊಂದು ಗುಂಪಿಗೆ ಶಸ್ತ್ರಚಿಕಿತ್ಸಾ ಕೊಠಡಿ ತಲುಪುವವರೆಗೆ ಡ್ರಿಪ್ಪನ್ನು ತಡೆಹಿಡಿಯಲಾಯಿತು. ಮೊದಲ ಗುಂಪಿನಲ್ಲಿ ಶೇ. 62ರಷ್ಟು, ಎರಡನೆಯ ಗುಂಪಿನಲ್ಲಿ ಶೇ. 70ರಷ್ಟು ಜನರು ಬದುಕಿ ಉಳಿದರು.

ಅದು ಆಸ್ಪತ್ರೆ ಸಮೀಪದಲ್ಲೇ ಇದ್ದ ಮಹಾನಗರ. ಗಾಯಗಳೂ ಇರಿತ, ಗುಂಡೇಟಿನವು. ನಮ್ಮ ಹಳ್ಳಿಗಳ ದೂರಕ್ಕೂ, ವಾಹನ ಅಪಘಾತದ ಒಳಪೆಟ್ಟುಗಳಿಗೂ ಅದನ್ನು ಯಥಾವತ್ತಾಗಿ ಅನ್ವಯಿಸಲಾಗದು. ಆದುದರಿಂದ "ಡ್ರಿಪ್ಪೇ ಬೇಡ" ಎಂಬ ತೀರ್ಮಾನ ತಪ್ಪಾಗುತ್ತದೆ. ಇಂದು ರೂಢಿಯಲ್ಲಿರುವ ಕ್ರಮವೆಂದರೆ, ರಕ್ತಸ್ರಾವ ಪೂರ್ತಿ ಹತೋಟಿಗೆ ಬರುವವರೆಗೆ ಸುಮಾರು 250 ಮಿಲಿಲೀಟರಿನಂತೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾ, ಮಣಿಕಟ್ಟಿನಲ್ಲಿ ನಾಡಿ ಸಿಗುವಷ್ಟು, ಅಂದರೆ ಮೇಲಿನ ರಕ್ತದೊತ್ತಡ 80ರಿಂದ 90ರಷ್ಟು ಇರುವಂತೆ ನೋಡಿಕೊಂಡು, ಗಾಯಾಳುವನ್ನು ಬೇಗನೆ ಶಸ್ತ್ರಚಿಕಿತ್ಸೆಗೆ ತಲುಪಿಸುವುದು. ವೈದ್ಯರು ಬಾಟಲಿಯ ಹರಿವನ್ನು ನಿಧಾನಗೊಳಿಸಿದರೆ ಅದು ನಿರ್ಲಕ್ಷ್ಯವೆಂದು ಭಾವಿಸಬಾರದು. ಉದ್ದೇಶಪೂರ್ವಕವಾದ ಚಿಕಿತ್ಸೆಯೇ ಆಗಿರಬಹುದು.

5. ತಲೆಗೆ ಪೆಟ್ಟಾಗಿದ್ದರೆ ನಿಯಮ ಬೇರೆ

ಹೆಲ್ಮೆಟ್ ಇಲ್ಲದೆ ಬಿದ್ದವರಲ್ಲಿ ತಲೆಯ ಪೆಟ್ಟು ಸಾಮಾನ್ಯ. ಪೆಟ್ಟು ತಿಂದ ಮಿದುಳು ಕಡಿಮೆ ರಕ್ತದೊತ್ತಡವನ್ನು ಸ್ವಲ್ಪ ಹೊತ್ತೂ ತಾಳಲಾರದು. ಆದುದರಿಂದ ಇವರಲ್ಲಿ ಒತ್ತಡವನ್ನು 80–90ರಲ್ಲಿ ಬಿಡದೆ 100–110ಕ್ಕಿಂತ ಮೇಲಿರಿಸಲು ವೈದ್ಯರು ಪ್ರಯತ್ನಿಸುತ್ತಾರೆ. ರಿಂಗರ್ ಲ್ಯಾಕ್ಟೇಟಿನ ಲವಣಾಂಶವು ರಕ್ತಕ್ಕಿಂತ ತುಸು ಕಡಿಮೆಯಿರುವುದರಿಂದ, ಮಿದುಳಿನ ಬಾವು ಹೆಚ್ಚಾಗದಂತೆ ಇಂತಹವರಿಗೆ ನಾರ್ಮಲ್ ಸಲೈನನ್ನು ಆರಿಸಲಾಗುತ್ತದೆ. ಒಂದೇ ಅಪಘಾತದ ಇಬ್ಬರು ಗಾಯಾಳುಗಳಿಗೆ ಬೇರೆ ಬೇರೆ ಬಾಟಲಿ, ಬೇರೆ ಬೇರೆ ವೇಗದಲ್ಲಿ ಹಾಕಿದ್ದರೆ ಅದರಲ್ಲಿ ತಾರತಮ್ಯವಿಲ್ಲ ಎಂದು ಸಂಬಂಧಿಕರಿಗೆ ತಿಳಿಸಿಕೊಡಬೇಕು.

6. ಹೋದ ರಕ್ತಕ್ಕೆ ರಕ್ತವೇ ಪರಿಹಾರ

ಹೆಚ್ಚಿನ ರಕ್ತ ಕಳೆದುಕೊಂಡವರಿಗೆ ಕೊನೆಗೆ ಬೇಕಾಗುವುದು ರಕ್ತವೇ. ದಾನಿಯಿಂದ ಪಡೆದ ರಕ್ತವನ್ನು ಕೆಂಪು ಕಣ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿ ಇಡಲಾಗುತ್ತದೆ. ಉತ್ತರ ಅಮೆರಿಕದ 12 ಆಸ್ಪತ್ರೆಗಳಲ್ಲಿ 680 ತೀವ್ರ ಗಾಯಾಳುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮೂರನ್ನೂ ಸಮಪಾಲಿನಲ್ಲಿ ಕೊಟ್ಟ ಗುಂಪನ್ನು, ಕೆಂಪು ಕಣಗಳನ್ನು ಎರಡು ಪಾಲು ಕೊಟ್ಟ ಗುಂಪಿನೊಂದಿಗೆ ಹೋಲಿಸಲಾಯಿತು. ಒಟ್ಟು ಸಾವಿನ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲವಾದರೂ, ಮೊದಲ 24 ಗಂಟೆಗಳಲ್ಲಿ ರಕ್ತಸ್ರಾವದಿಂದಲೇ ಸತ್ತವರ ಪ್ರಮಾಣವು ಸಮಪಾಲಿನ ಗುಂಪಿನಲ್ಲಿ ಕಡಿಮೆಯಾಗಿತ್ತು. ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳೂ ಬೇಗನೆ ದೊರೆಯಬೇಕೆಂಬುದು ಇದರ ತಾತ್ಪರ್ಯ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ರಕ್ತದ ದಾಸ್ತಾನು ಇರುವುದಿಲ್ಲ. ಹಾಗಾಗಿ ಅಲ್ಲಿ ಗಾಯಾಳುವನ್ನು ಹೆಚ್ಚು ಹೊತ್ತು ಇರಿಸಿಕೊಂಡಷ್ಟೂ ಆತನಿಗೆ ಬೇಕಾದ ವಸ್ತುವಿನಿಂದ ದೂರ ಇರಿಸಿದಂತಾಗುತ್ತದೆ.

7. ಮೂರು ಗಂಟೆಯೊಳಗಿನ ಒಂದು ಔಷಧ

ಕೇಂದ್ರದಲ್ಲಿಯೇ ಕೊಡಬಹುದಾದ, ಕಡಿಮೆ ಬೆಲೆಯ ಒಂದು ಔಷಧವಿದೆ: ಟ್ರಾನೆಕ್ಸಾಮಿಕ್ ಆಮ್ಲ. ಜಪಾನಿನ ಊಟಾಕೊ ಮತ್ತು ಶೊಸುಕೆ ಒಕಾಮೊಟೊ ದಂಪತಿಗಳು ಇದನ್ನು 1960ರ ದಶಕದ ಆರಂಭದಲ್ಲಿ ಕಂಡುಹಿಡಿದರು. ಇದು ಕಟ್ಟಿದ ಹೆಪ್ಪು ಕರಗದಂತೆ ತಡೆಯುತ್ತದೆ. ಭಾರತವೂ ಸೇರಿದಂತೆ 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣವು ಶೇ. 16ರಿಂದ ಶೇ. 14.5ಕ್ಕೆ ಇಳಿಯಿತು. ಗಾಯವಾದ ಮೊದಲ ಗಂಟೆಯೊಳಗೆ ಕೊಟ್ಟವರಲ್ಲಿ ಪ್ರಯೋಜನ ಅತ್ಯಧಿಕವಾಗಿತ್ತು. ಮೂರು ಗಂಟೆ ಮೀರಿದ ನಂತರ ಕೊಟ್ಟವರಲ್ಲಿ ಕೆಡುಕೇ ಹೆಚ್ಚಾಗಿ ಕಂಡಿತು. ಆದುದರಿಂದ ಗಾಯವಾದ ಸಮಯವನ್ನು ಸರಿಯಾಗಿ ತಿಳಿಸುವುದೂ ಚಿಕಿತ್ಸೆಯ ಒಂದು ಭಾಗವಾಗಿರುತ್ತದೆ.

8. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

(1) ಸ್ಥಳದಲ್ಲಿ: 108ಕ್ಕೆ ಕರೆ ಮಾಡಿಸಿರಿ. ರಕ್ತ ಸುರಿಯುವ ಜಾಗವನ್ನು ಶುಭ್ರ ಬಟ್ಟೆಯಿಂದ ಅದುಮಿ ಹಿಡಿದು, ನೋಡುವ ಸಲುವಾಗಿ ಮತ್ತೆ ಮತ್ತೆ ಬಟ್ಟೆ ತೆಗೆಯದಿರಿ. ಕೈ ಅಥವಾ ಕಾಲಿನಿಂದ ರಭಸವಾಗಿ ಹರಿಯುವ ರಕ್ತ ಅದುಮಿದರೂ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ ಅಗಲವಾದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಸಮಯವನ್ನು ಬರೆದಿಡಬೇಕು; ತಂತಿ, ತೆಳು ಹಗ್ಗ ಬಳಸಬಾರದು. ಕುತ್ತಿಗೆ ಅಲುಗದಂತೆ ನೋಡಿಕೊಳ್ಳಬೇಕು. ಕಂಬಳಿ ಹೊದಿಸಬೇಕು. ಕುಡಿಯಲು ನೀರು, ಸೋಡ, ಎಳನೀರು ಯಾವುದನ್ನೂ ಕೊಡಬಾರದು.

(2) ಆರೋಗ್ಯ ಕೇಂದ್ರದಲ್ಲಿ: ಜನಸಂದಣಿಯನ್ನು ಹೊರಗಿರಿಸಿರಿ. "ಎಷ್ಟು ಬಾಟಲಿ ಹಾಕಿದಿರಿ?" ಎಂಬುದರ ಬದಲು ಕೇಳಬೇಕಾದ ಪ್ರಶ್ನೆಗಳು ಹೀಗಿವೆ: ಕಳುಹಿಸುತ್ತಿರುವ ಆಸ್ಪತ್ರೆಯಲ್ಲಿ ರಕ್ತ ಮತ್ತು ಶಸ್ತ್ರಚಿಕಿತ್ಸಕರು ಲಭ್ಯರೇ? ಅಲ್ಲಿಗೆ ಮುಂಚಿತವಾಗಿ ದೂರವಾಣಿ ಮಾಡಲಾಗಿದೆಯೇ? ಗಾಯವಾದ ಸಮಯ, ಕೊಟ್ಟ ದ್ರವ ಮತ್ತು ಔಷಧದ ವಿವರವನ್ನು ಚೀಟಿಯಲ್ಲಿ ಬರೆಯಲಾಗಿದೆಯೇ?

(3) ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ: ರಿಂಗರ್ ಲ್ಯಾಕ್ಟೇಟ್, ನಾರ್ಮಲ್ ಸಲೈನ್, ಟ್ರಾನೆಕ್ಸಾಮಿಕ್ ಆಮ್ಲ, ದೊಡ್ಡ ಅಳತೆಯ ಡ್ರಿಪ್ ಸೂಜಿ, ಒತ್ತುಪಟ್ಟಿ, ಕಂಬಳಿಗಳ ದಾಸ್ತಾನು ಮತ್ತು ಅವಧಿ ಮುಗಿಯುವ ದಿನಾಂಕಗಳ ಬಗ್ಗೆ ವೈದ್ಯಾಧಿಕಾರಿಗಳಿಂದ ಮಾಹಿತಿ ಪಡೆಯಿರಿ. ಕೊರತೆಯಿದ್ದಲ್ಲಿ ನಡವಳಿಯಲ್ಲಿ ದಾಖಲಿಸಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರಬೇಕು.

(4) ರಕ್ತದಾನ: ಕೆಂಪು ಕಣಗಳನ್ನು ಸಾಮಾನ್ಯವಾಗಿ 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳನ್ನು ಕೇವಲ 5 ದಿನ ಇಡಬಹುದು. ಆದುದರಿಂದ ವರ್ಷಕ್ಕೊಮ್ಮೆ ಜಯಂತಿಯ ದಿನ ನೂರು ಜನರಿಂದ ರಕ್ತ ಪಡೆಯುವುದಕ್ಕಿಂತ, ಅಕ್ಕಪಕ್ಕದ ಪಂಚಾಯಿತಿಗಳು ತಿಂಗಳು ಹಂಚಿಕೊಂಡು ಚಿಕ್ಕ ಶಿಬಿರಗಳನ್ನು ನಡೆಸುವುದು ಹೆಚ್ಚು ಉಪಯುಕ್ತ. ಆರೋಗ್ಯವಂತರಾದ 18ರಿಂದ 65 ವರ್ಷದವರು, 45 ಕಿಲೋಗಿಂತ ಕಡಿಮೆಯಿಲ್ಲದ ತೂಕವಿದ್ದು ರಕ್ತಾಂಶ 12.5 ಗ್ರಾಂ ಇದ್ದಲ್ಲಿ, ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ದಾನ ಮಾಡಬಹುದು.

(5) ಕಾನೂನಿನ ರಕ್ಷಣೆ: ಪೊಲೀಸ್, ಕೋರ್ಟು ಎಂಬ ಭಯದಿಂದ ಜನರು ಗಾಯಾಳುವನ್ನು ಮುಟ್ಟಲು ಹಿಂಜರಿಯುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 134ಎ ಕಲಮು, ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ನೀಡುತ್ತದೆ. 2025ರ ಕೇಂದ್ರ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯೊಳಗೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಈ ಎರಡು ಸಂಗತಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು ಅಪೇಕ್ಷಣೀಯ.

9. ಸಾರಾಂಶ

ತೀವ್ರ ಗಾಯಾಳುವಿಗೆ ಮೊದಲು ಬೇಕಾದುದು ರಕ್ತಸ್ರಾವವನ್ನು ನಿಲ್ಲಿಸುವುದು. ಅನಂತರ ರಕ್ತ ಮತ್ತು ಶಸ್ತ್ರಚಿಕಿತ್ಸೆ ದೊರೆಯುವ ಆಸ್ಪತ್ರೆಗೆ ತಲುಪಿಸುವುದು. ಡ್ರಿಪ್ ಈ ಎರಡರ ನಡುವಿನ ಅವಧಿಯನ್ನು ದಾಟಿಸುವ ನೆರವು ಮಾತ್ರ. ಸಾಮಾನ್ಯವಾಗಿ ರಿಂಗರ್ ಲ್ಯಾಕ್ಟೇಟ್, ತಲೆಗೆ ತೀವ್ರ ಪೆಟ್ಟಿದ್ದರೆ ನಾರ್ಮಲ್ ಸಲೈನ್, ಎರಡೂ ಮಿತಿಯಲ್ಲಿ. ರಕ್ತದೊತ್ತಡ ಎತ್ತಲು ಗ್ಲೂಕೋಸ್ ಸಲ್ಲದು. ಬಾಟಲಿ ಖಾಲಿಯಾಗಲೆಂದು ಆಂಬುಲೆನ್ಸನ್ನು ನಿಲ್ಲಿಸಿಕೊಳ್ಳಬಾರದು.

10. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಪಂಚಾಯಿತಿ ವ್ಯಾಪ್ತಿಯಿಂದ ರಕ್ತ ದೊರೆಯುವ ಅತಿ ಸಮೀಪದ ಆಸ್ಪತ್ರೆ ಯಾವುದು? ರಾತ್ರಿ ವೇಳೆ ಅಲ್ಲಿಗೆ ತಲುಪಲು ಎಷ್ಟು ಸಮಯ ಬೇಕು?
2. ಪದೇ ಪದೇ ಅಪಘಾತ ನಡೆಯುವ ತಿರುವುಗಳು ಯಾವುವು? ಅವುಗಳ ಸಮೀಪದ ಅಂಗಡಿ, ಹೋಟೆಲಿನವರಿಗೆ ಗಾಯವನ್ನು ಅದುಮಿ ಹಿಡಿಯುವ ತರಬೇತಿಯನ್ನು ಯಾರಿಂದ ಕೊಡಿಸಬಹುದು?
3. ನಮ್ಮ ಆರೋಗ್ಯ ಕೇಂದ್ರದಲ್ಲಿ ಟ್ರಾನೆಕ್ಸಾಮಿಕ್ ಆಮ್ಲ ಇಂದು ದಾಸ್ತಾನಿನಲ್ಲಿದೆಯೇ?
4. ಮುಂದಿನ ಒಂದು ವರ್ಷಕ್ಕೆ ರಕ್ತದಾನ ಶಿಬಿರಗಳ ತಿಂಗಳವಾರು ಹಂಚಿಕೆ ಹೇಗಿರಬೇಕು?

ಈ ಪಾಠವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸದಸ್ಯರು ಹಾಗೂ ಆಶಾ ಕಾರ್ಯಕರ್ತೆಯರ ಸಮ್ಮುಖದಲ್ಲಿ ಓದಿ, ಮೊದಲನೆಯ ಪ್ರಶ್ನೆಯ ಉತ್ತರವನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿಸಬೇಕೆಂದು ಕೋರಲಾಗಿದೆ.